ಹನ್ನೊಂದು ಸಲ ಬಂದವರು

೧

ಈ ಕತೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ತಲೆನೋವು.

ಎಣಿಸಿ ನೋಡಿ, ಏಳೇ ಪದ. ಮೊದಲ ಸಾಲು ಏಳು ಪದ ದಾಟಿದರೆ ಮೊಬೈಲಿನ ಪರದೆಯಲ್ಲಿ ಅರ್ಧಕ್ಕೇ ಕತ್ತರಿಸಿಹೋಗುತ್ತದೆ, ಅರ್ಧ ಸಾಲು ಕಂಡವರು ಪತ್ರವನ್ನೇ ತೆರೆಯುವುದಿಲ್ಲ ಎಂದು ಫನೆಲ್ ಮೇಡಂ ಹೇಳಿಕೊಟ್ಟಿದ್ದಾಳೆ. ಅವಳ ಮಾತು ಕೇಳಿ ಬೆರಳು ಮಡಚಿ ಎಣಿಸಿ ಬರೆದೆ. ಬರೆದು ತೋರಿಸಿದರೆ, "ಬಾಗಿಲಲ್ಲೇ ತಲೆನೋವು ಅಂದ್ರೆ ಯಾರ್ರೀ ಒಳಗೆ ಬರ್ತಾರೆ?" ಎಂದಳು. ಅವಳು ಹೇಳುವುದರಲ್ಲೂ ನ್ಯಾಯ ಇದೆ. ಆದರೆ ಅಷ್ಟು ಕಷ್ಟಪಟ್ಟು ಎಣಿಸಿದ ಸಾಲನ್ನು ಹೊಡೆದುಹಾಕಲು ಮನಸ್ಸು ಬರಲಿಲ್ಲ, ಇರಲಿ ಬಿಡಿ.

(ಫನೆಲ್ ಮೇಡಂ ಈ ಕತೆಯ ಎರಡನೆಯ ಪಾತ್ರ. ಆನ್‌ಲೈನಿನಲ್ಲಿ ಸಣ್ಣ ವ್ಯಾಪಾರ ಮಾಡುವವರಿಗೆ ಗಿರಾಕಿಗಳನ್ನು ಹೇಗೆ ಉಳಿಸಿಕೊಳ್ಳಬೇಕೆಂದು ಹೇಳಿಕೊಡುವುದು ಅವಳ ಕಸುಬು. ಮಾತೆತ್ತಿದರೆ ಫನೆಲ್ ಅನ್ನುತ್ತಾಳೆ. ಎಣ್ಣೆ ಸುರಿಯಲು ಆಲಿಕೆ ಇರುತ್ತದಲ್ಲ, ಅದು. ಮೇಲಿಂದ ಜನ ಸುರಿಯಬೇಕಂತೆ, ಕೆಳಗೆ ಗಿರಾಕಿಗಳಾಗಿ ಇಳಿಯಬೇಕಂತೆ. ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗೇ ಮರೆತುಹೋಗಿರಬೇಕು.)

೨

ಮೊದಲನೆಯ ಪಾತ್ರ ಅಂಗಡಿಯವಳು. ಗುಂಡಿ ಮಾರುತ್ತಾಳೆ. ಅಂಗಿಯ ಗುಂಡಿ, ಕೋಟಿನ ಗುಂಡಿ, ಮಕ್ಕಳ ಸ್ವೆಟರಿಗೆ ಹಾಕುವ ಮೊಲದ ಮುಖದ ಗುಂಡಿ. ಅಂಗಡಿಗೆ ಬೀದಿ ಇಲ್ಲ, ಬಾಗಿಲಿಲ್ಲ, ಇರುವುದೆಲ್ಲ ಇಂಟರ್ನೆಟ್ಟಿನಲ್ಲಿ. ಸಾಮಾನು ಮಾತ್ರ ಮೂರನೆಯ ಮಹಡಿಯ ಒಂದು ಕೋಣೆಯಲ್ಲಿದೆ: ಗೋಡೆಯುದ್ದಕ್ಕೂ ಗಾಜಿನ ಸಣ್ಣ ಸಣ್ಣ ಭರಣಿಗಳು, ಕಿಟಕಿಯ ಪಕ್ಕದಲ್ಲಿ ಫೋಟೋ ತೆಗೆಯಲೆಂದು ಬಿಳಿ ಬಟ್ಟೆ ಹಾಸಿದ ಮೇಜು, ಲಕೋಟೆಯ ಕಟ್ಟುಗಳು, ಅಂಚೆಗೆ ತೂಗಲು ಅಂಗೈಯಗಲದ ತೂಕದ ಯಂತ್ರ. ಯಾರೋ ಎಲ್ಲಿಂದಲೋ ತಮ್ಮ ಕೋಟಿನ ಚಿತ್ರ ಕಳಿಸುತ್ತಾರೆ. ಐದರಲ್ಲಿ ಒಂದು ಗುಂಡಿ ಬಿದ್ದುಹೋಗಿದೆ, ಅಂಥದ್ದೇ ಬೇಕು ಅನ್ನುತ್ತಾರೆ. ಇವಳು ಭರಣಿ ಭರಣಿ ಜಾಲಾಡಿ ಜೋಡಿ ಹುಡುಕಿ ಕಳಿಸುತ್ತಾಳೆ. ಸಿಗದಿದ್ದ ದಿನ ಅವಳಿಗೆ ಊಟ ಸೇರುವುದಿಲ್ಲ.

ಮೊದಲ ಕರಡಿನಲ್ಲಿ ಅವಳನ್ನು ವಿಧವೆ ಮಾಡಿದ್ದೆ. ಒಂಟಿ ಹೆಂಗಸು, ಕಿಟಕಿ, ಗುಂಡಿ, ಕಣ್ಣೀರು. ಕತೆ ತಾನಾಗಿ ನಡೆಯುತ್ತದೆ ಎಂಬ ಸೋಮಾರಿ ಲೆಕ್ಕಾಚಾರ. ಅವಳು ಬಿಡಲಿಲ್ಲ.

"ರೀ ಕತೆಯವರೇ, ಅವರು ಬದುಕಿದಾರೆ. ಚೆನ್ನಾಗೇ ಇದಾರೆ. ಇನ್ನೊಂದು ಮದುವೇನೂ ಆಯ್ತು. ನಿಮ್ಮ ಕತೆ ಓದಿ ಜನ ಅಳ್ಲಿ ಅಂತ ಇದ್ದೋರನ್ನ ಸಾಯಿಸ್ಬಿಡ್ತೀರಾ?"

ಸರಿ, ಬದುಕಿಸಿದೆ. ನಾಲ್ಕು ವರ್ಷದ ಹಿಂದೆ ಗಂಡನಿಗೆ ಇನ್ನೊಬ್ಬಳ ಮೇಲೆ ಮನಸ್ಸಾಯಿತು, ಇವಳು ಆ ಮನೆ ಬಿಟ್ಟು ಬಂದಳು. ಅವನ ಬಗ್ಗೆ ಇನ್ನು ಒಂದು ಸಾಲೂ ಬರೆಯಕೂಡದೆಂದು ತಾಕೀತು ಮಾಡಿದ್ದಾಳೆ. ನನಗೂ ಅವನಲ್ಲಿ ಅಂಥ ಆಸಕ್ತಿ ಇಲ್ಲ. ಅವನ ತಾಯಿಯ ಬಗ್ಗೆ ಬರೆಯಬಹುದೇ ಎಂದು ಕೇಳಿದೆ. ಅವಳು ಎದ್ದು ಹೋಗಿ ಒಂದು ಭರಣಿಯ ಧೂಳು ಒರೆಸಿದಳು.

೩

ಈಗ ಪತ್ರಗಳ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ತಿಳಿಯದೆ ಮುಂದಿನದು ತಿಳಿಯುವುದಿಲ್ಲ.

ಅಂಗಡಿಯ ವೆಬ್‌ಸೈಟಿನ ಕೊನೆಯಲ್ಲಿ ಒಂದು ಚೌಕವಿದೆ. ಅದರಲ್ಲಿ ಇಮೇಲ್ ವಿಳಾಸ ಬರೆದರೆ ನೀವು ಅವಳ ಪಟ್ಟಿಗೆ ಸೇರುತ್ತೀರಿ. ಬೇರೆ ಅಂಗಡಿಯವರು ಅಲ್ಲಿ 'ಹೆಸರು' ಎಂದಷ್ಟೇ ಹಾಕಿರುತ್ತಾರೆ. ಇವಳು 'ನಿಮ್ಮನ್ನು ಏನೆಂದು ಕರೆಯಲಿ?' ಎಂದು ಹಾಕಿದ್ದಾಳೆ. ನೀವು ರಾಜ ಎಂದು ಬರೆದರೆ ಪತ್ರ 'ಪ್ರೀತಿಯ ರಾಜ' ಎಂದು ಶುರುವಾಗುತ್ತದೆ, ಬೆಕ್ಕು ಎಂದು ಬರೆದರೆ 'ಪ್ರೀತಿಯ ಬೆಕ್ಕು'. ಸೇರಿದ ಕ್ಷಣದಲ್ಲೇ ಒಂದು ಪತ್ರ, ಮೂರನೆಯ ದಿನ ಇನ್ನೊಂದು, ಏಳನೆಯ ದಿನ ಮತ್ತೊಂದು. ಮೂರನ್ನೂ ಅವಳೇ ಎರಡು ವರ್ಷದ ಹಿಂದೆ ಕೂತು ಬರೆದದ್ದು. ಅಲ್ಲಿಂದ ಮುಂದೆ ಕಳಿಸುವ ಕೆಲಸ ಮಶೀನಿನದು.

ಮೊದಲ ಪತ್ರ ಹೀಗಿದೆ: 'ಬನ್ನಿ. ಮೊದಲು ಕೂತುಕೊಳ್ಳಿ, ಮಾತು ಆಮೇಲೆ. ಏನೂ ಕೊಳ್ಳಬೇಕಾಗಿಲ್ಲ. ನಿಮ್ಮ ಬಟ್ಟೆಗಳಲ್ಲಿ ಯಾವ ಗುಂಡಿ ಬಿದ್ದುಹೋಗಿದೆ, ಎಲ್ಲಿ ಬಿದ್ದಿರಬಹುದು? ಬರೆದು ತಿಳಿಸಿ. ಪ್ರತಿ ಉತ್ತರವನ್ನೂ ನಾನೇ ಓದುತ್ತೇನೆ.'

ಕೊನೆಯ ಪ್ರಶ್ನೆ ಫನೆಲ್ ಮೇಡಂ ಹಾಕಿಸಿದ್ದು. ಹೊಸಬರು ಬಂದ ಕೂಡಲೇ ಏನಾದರೂ ಕೇಳಬೇಕು, ಕೇಳಿದರೆ ಉತ್ತರಿಸುತ್ತಾರೆ, ಒಂದು ಸಲ ಉತ್ತರಿಸಿದವರು ನಮ್ಮವರಾಗುತ್ತಾರೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಜನ ಉತ್ತರ ಬರೆದರು. ಆ ಉತ್ತರಗಳಿಗೆಂದೇ ಬೇರೆ ಒಂದು ಇಮೇಲ್ ಪೆಟ್ಟಿಗೆ ಮಾಡಿಟ್ಟಿದ್ದರು. ಅಂಗಡಿಯವಳು ನೋಡುತ್ತಿದ್ದಾಳೆಂದು ಫನೆಲ್ ಮೇಡಂ ತಿಳಿದಳು. ಯಾರಾದರೂ ಬರೆದರೆ ಫನೆಲ್ ಮೇಡಂ ಹೇಳುತ್ತಾಳೆ, ಹೇಳಿಲ್ಲವೆಂದರೆ ಯಾರೂ ಬರೆದಿಲ್ಲ ಎಂದು ಅಂಗಡಿಯವಳು ತಿಳಿದಳು. ಹೀಗೆ ಎರಡು ವರ್ಷ ಆ ಪೆಟ್ಟಿಗೆಯನ್ನು ಯಾರೂ ತೆರೆಯಲಿಲ್ಲ.

(ನಗಬೇಡಿ. ನಿಮ್ಮ ಮನೆಯಲ್ಲೂ ಹಾಲಿಗೆ ಯಾರೋ ಒಬ್ಬರು ಹೋಗಿರುತ್ತಾರೆ ಎಂದು ಎಲ್ಲರೂ ಮನೆಯಲ್ಲೇ ಕೂತ ದಿನ ಇದ್ದೇ ಇರುತ್ತದೆ.)

೪

ಒಂದು ಸೋಮವಾರ ಇಬ್ಬರೂ ಪಟ್ಟಿ ಶುಚಿ ಮಾಡಲು ಕೂತರು. ಹಳೆಯ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಗಬೇಕಿತ್ತು. ನಾಲ್ಕು ಸಾವಿರ ಚಿಲ್ಲರೆ ವಿಳಾಸ. ಸತ್ತ ವಿಳಾಸ, ತಪ್ಪು ವಿಳಾಸ, ಎರಡೆರಡು ಸಲ ಬಂದದ್ದು, ಎಲ್ಲ ತೆಗೆಯುತ್ತ ತೆಗೆಯುತ್ತ ಫನೆಲ್ ಮೇಡಂ ನಿಂತಳು.

"ಇದು ನೋಡೇ. ಒಂದೇ ಅಡ್ರೆಸ್ಸು. ಹನ್ನೊಂದು ಸಲ ಸೇರಿದೆ, ಹತ್ತು ಸಲ ಬಿಟ್ಟಿದೆ."

"ಹನ್ನೊಂದು ಸಲನಾ? ಯಾರಪ್ಪ ಅಷ್ಟು ಪುರುಸೊತ್ತಾಗಿರೋರು?"

"ಮನುಷ್ಯರಲ್ಲ ಅನ್ಸುತ್ತೆ. ಬಾಟು, ತಾನಾಗೇ ಸೇರೋ ಪ್ರೋಗ್ರಾಮು. ಮೂರು ಪತ್ರ ತಗೊಳ್ಳುತ್ತೆ, ಬಿಡುತ್ತೆ, ಒಂದೆರಡು ತಿಂಗಳು ಬಿಟ್ಟು ಮತ್ತೆ ಸೇರುತ್ತೆ. ನಿನ್ನೆ ತಾನೇ ಮತ್ತೆ ಬಂದಿದೆ. ಒಂದು ಗುಂಡಿನೂ ಕೊಂಡಿಲ್ಲ."

ವಿಳಾಸದಲ್ಲಿ ಹೆಸರಿರಲಿಲ್ಲ, ಬರೀ ಅಂಕಿಗಳು. ಪಕ್ಕಕ್ಕೆ ಸರಿಸಿದ್ದರೆ 'ಏನೆಂದು ಕರೆಯಲಿ' ಎಂಬ ಕಾಲಂ ಕಾಣುತ್ತಿತ್ತು. ಸರಿಸಲಿಲ್ಲ. ಮಧ್ಯಾಹ್ನವಾಗಿತ್ತು, ಹೊಟ್ಟೆ ಹಸಿದಿತ್ತು. ಅಂಗಡಿಯವಳು ಆ ವಿಳಾಸದ ಮುಂದೆ ಟಿಕ್ ಹಾಕಿ ಬ್ಲಾಕ್ ಅಂತ ಒತ್ತಿ, ಡಬ್ಬಿ ಬಿಚ್ಚಿ ಊಟಕ್ಕೆ ಕೂತಳು.

ಇಲ್ಲಿ ನಾನು ಅವಳ ಕೈ ಹಿಡಿದು ನಿಲ್ಲಿಸಬಹುದಿತ್ತು. ಬರೆಯುವವನಿಗೆ ಅಷ್ಟು ಅಧಿಕಾರ ಇದೆ. ಕರೆಂಟು ಹೋಯಿತು ಎಂದರೆ ಸಾಕು. ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಕತೆಯೇ ಇರುತ್ತಿರಲಿಲ್ಲ ಎಂಬ ದುರಾಸೆ. ಅದಕ್ಕೆ ಅವಳು ನನ್ನನ್ನು ಇನ್ನೂ ಕ್ಷಮಿಸಿಲ್ಲ.

೫

ಬುಧವಾರ ಬೆಳಿಗ್ಗೆ ಹೊಸ ಸಾಫ್ಟ್‌ವೇರ್ ಒಂದು ಪ್ರಶ್ನೆ ಕೇಳಿತು: 'ಹಳೆಯ ಉತ್ತರಗಳು ೪೧೨ ಇವೆ. ತರಬೇಕೇ?'

ಯಾವ ಉತ್ತರಗಳು ಎಂದು ಅವಳು ಪೆಟ್ಟಿಗೆ ತೆರೆದಳು. ನಾನೇ ಓದುತ್ತೇನೆ ಎಂದು ಮಾತು ಕೊಟ್ಟು ಕರೆದಿದ್ದಳು, ನಾನೂರ ಹನ್ನೆರಡು ಪತ್ರ ಬಂದು ಕೂತಿದ್ದವು. ಬಸ್ಸಿನಲ್ಲಿ ಬಿದ್ದ ಗುಂಡಿ, ಮಗು ನುಂಗಿದ ಗುಂಡಿ, ಅಪ್ಪನ ಕೋಟಿನಿಂದ ತೆಗೆದಿಟ್ಟುಕೊಂಡ ಗುಂಡಿ. ಫೋನ್ ಮಾಡಿ ಫನೆಲ್ ಮೇಡಂಗೆ ಹೇಳಿದರೆ ಅವಳು, "ಅಯ್ಯೋ, ನೀನು ನೋಡ್ತಿದ್ದೀಯ ಅಂತ..." ಎಂದು ಅರ್ಧಕ್ಕೇ ನಿಲ್ಲಿಸಿದಳು.

ಒಂದೊಂದಾಗಿ ಓದುತ್ತ ಹೋದಳು. ಎಂಟೋ ಒಂಬತ್ತೋ ಓದಿದ ಮೇಲೆ ಈ ಉತ್ತರ ಸಿಕ್ಕಿತು. ಮೂರನೆಯ ದಿನದ ಪತ್ರಕ್ಕೆ ಬಂದದ್ದು. ಆ ಪತ್ರದಲ್ಲಿ ಅವಳು ಗುಂಡಿ ಹೊಲಿಯುವಾಗ ಕೆಳಗೆ ಒಂದು ಬೆಂಕಿಕಡ್ಡಿ ಇಟ್ಟು ಹೊಲಿಯಿರಿ, ಆಮೇಲೆ ಕಡ್ಡಿ ಎಳೆದು ದಾರ ಸುತ್ತಿ, ಆಗ ಗುಂಡಿಗೆ ಉಸಿರಾಡಲು ಜಾಗ ಇರುತ್ತದೆ ಎಂದು ಬರೆದಿದ್ದಳು. ಉತ್ತರ ಹೀಗಿತ್ತು:

'ಮಾನ್ಯರೇ, ಪತ್ರ ತಲುಪಿತು. ಬೆಂಕಿಕಡ್ಡಿ ಕೋಟಿಗೆ ಸರಿ. ತೆಳು ಬಟ್ಟೆಗೆ ದಪ್ಪ ಆಗುತ್ತೆ. ಅದಕ್ಕೆ ಗುಂಡುಸೂಜಿ ಇಡು ಅಂತ ಹೇಳಿದ್ದೆ, ಮರೆತಿದ್ದೀಯ. ಇಂತಿ, ಒಬ್ಬ ಗ್ರಾಹಕಿ.'

ಮಾನ್ಯರೇ ಎಂದು ಶುರುವಾಗಿ ನಾಲ್ಕೇ ಸಾಲಿನಲ್ಲಿ ಮರೆತಿದ್ದೀಯ ಎಂದು ಗದರಿದ ಗ್ರಾಹಕಿ. ಅವಳು ಕುರ್ಚಿಯಿಂದ ಎದ್ದು ನಿಂತಳು. ನಿಂತೇ ವಿಳಾಸ ನೋಡಿದಳು. ಬರೀ ಅಂಕಿಗಳು.

೬

(ಈ ಭಾಗದಲ್ಲಿ ಅವಳ ಕಣ್ಣೀರನ್ನು ಎರಡು ಪುಟ ವರ್ಣಿಸಿದ್ದೆ. 'ಅಷ್ಟೆಲ್ಲ ಅಳ್ಲಿಲ್ಲ, ಮೂಗು ಸೋರ್ತು ಅಷ್ಟೇ' ಎಂದಳು. ತೆಗೆದುಹಾಕಿದ್ದೇನೆ.)

೭

ಅತ್ತೆಯ ಬಗ್ಗೆ ಈಗ ಹೇಳಲೇಬೇಕು.

ಮದುವೆಯಾಗಿ ಅವಳು ಆ ಮನೆಗೆ ಕಾಲಿಟ್ಟ ದಿನ ಅತ್ತೆ ಹೊಲಿಗೆ ಮಶೀನಿನ ಮುಂದೆ ಕೂತಿದ್ದರು. ಟೈಲರ್ ಅವರು. ಯಾರದೋ ಕೋಟು ಸಂಜೆಗೆ ಕೊಡಬೇಕಿತ್ತು. ಕುತ್ತಿಗೆಯಲ್ಲಿ ಅಳತೆಯ ಟೇಪು, ಬಾಯಿ ತುಂಬ ಗುಂಡುಸೂಜಿ, ಮಾತಾಡಲು ಬರುವ ಹಾಗಿರಲಿಲ್ಲ. ಕಾಲಲ್ಲೇ ಒಂದು ಸ್ಟೂಲು ಎಳೆದು ಇವಳ ಕಡೆ ತಳ್ಳಿದರು. ಇವಳು ಕೂತಳು. ದಾರ ಪೋಣಿಸಿದ ಸೂಜಿ ಕೈಗೆ ಬಂತು, ಹಿಂದೆಯೇ ಕೋಟಿನ ತೋಳು. ಮನೆಗೆ ಬಂದು ಹತ್ತು ನಿಮಿಷವಾಗಿರಲಿಲ್ಲ, ಮೂರು ಗುಂಡಿ ಹೊಲಿದಿದ್ದಳು. ಮೂರೂ ಸೊಟ್ಟ. ಅತ್ತೆ ಬಾಯಿಂದ ಸೂಜಿ ತೆಗೆದು ಆಡಿದ ಮೊದಲ ಮಾತು, "ಬಿಚ್ಚು, ಇನ್ನೊಂದ್ಸಲ ಹಾಕು."

ಅದಾದ ಮೇಲೆ ಆರು ವರ್ಷ ಇಬ್ಬರೂ ಅದೇ ಮಶೀನಿನ ಆಚೆ ಈಚೆ ಕೂತರು. ಗಂಡನ ಜೊತೆ ಕೂತದ್ದಕ್ಕಿಂತ ಅತ್ತೆಯ ಜೊತೆ ಕೂತದ್ದೇ ಹೆಚ್ಚು.

ಆಮೇಲೆ ಆ ಕೊನೆಯ ದಿನ. ಎಲ್ಲ ಮುಗಿದು, ಚೀಲ ಕಟ್ಟಿ, ಬಾಗಿಲಲ್ಲಿ ನಿಂತು ಇವಳು, "ಅತ್ತೆ, ನೀವಾದ್ರೂ ಒಂದು ಮಾತು ಹೇಳಿ" ಎಂದಳು. ಮಗನಿಗೆ ಬೈಯಿರಿ ಎಂದು ಕೇಳಲಿಲ್ಲ. ಇವಳ ಕಡೆ ಒಂದು ಮಾತು, ಅಷ್ಟೇ. ಅತ್ತೆ ತಲೆ ತಗ್ಗಿಸಿ ಮಶೀನಿಗೆ ದಾರ ಏರಿಸುತ್ತಿದ್ದರು. ಏರಿಸುತ್ತಲೇ ಇದ್ದರು.

"ಅವರ ಬಾಯಲ್ಲಿ ಗುಂಡುಸೂಜಿ ಇತ್ತು ಅಂತ ಬರೆಯಲೇ?" ಎಂದು ನಾನು ಕೇಳಿದೆ. ಅವರಿಗೊಂದು ನೆಪ ಸಿಗುತ್ತದೆ, ಇವಳಿಗೂ ಸ್ವಲ್ಪ ಹಗುರವಾಗುತ್ತದೆ ಎಂಬ ಯೋಚನೆ.

"ನನಗೆ ಗೊತ್ತಿಲ್ಲ. ನಾನು ಸರಿಯಾಗಿ ನೋಡ್ಲಿಲ್ಲ. ಇದ್ದಿದ್ರೆ ಒಳ್ಳೇದಿತ್ತು" ಎಂದಳು.

೮

ಆ ವಿಳಾಸದಿಂದ ಬಂದ ಉತ್ತರ ಒಟ್ಟು ಇಪ್ಪತ್ತಾರು. ಎಲ್ಲ ಇಲ್ಲಿ ಕೊಡಲು ಅವಳು ಒಪ್ಪಲಿಲ್ಲ. ಆರಿಸಿ ಕೊಟ್ಟದ್ದನ್ನು ಹಾಗೆಯೇ ಇಡುತ್ತೇನೆ, ಅತ್ತೆಯ ಅಕ್ಷರಕ್ಕೆ ನಾನು ಕೈ ಹಾಕಿಲ್ಲ.

'ಇವತ್ತು ಏಳನೇ ದಿನದ ಕಾಗದ ಬಂತು. ನನಗೆ ಕೆಲಸ ಕಲಿಸಿದವರು ಒಬ್ಬ ದೊಡ್ಡ ಟೈಲರ್ ಅಂತ ಬರೆದಿದ್ದೀಯ. ದೊಡ್ಡ ಟೈಲರ್ ಅಂತೆ. ನಗು ಬಂತು. ಮೂರು ಸಲ ಓದಿದೆ.'

'ಏಳನೇ ದಿನ ಆದಮೇಲೆ ಕಾಗದ ನಿಂತುಹೋಗುತ್ತೆ. ಆಮೇಲೆ ಬರೋದೆಲ್ಲ ಹೊಸ ಮಾಲು ಬಂದಿದೆ ಅಂತ. ಅದಕ್ಕೇ ಬಿಟ್ಟು ಮತ್ತೆ ಸೇರಿದೆ. ಸೇರಿದ ತಕ್ಷಣ ಬನ್ನಿ ಅಂದೆ. ಖುಷಿ ಆಯ್ತು.'

'ಮಶೀನು ಕಳಿಸೋದು ಅಂತ ನನಗೂ ಗೊತ್ತು, ಅಷ್ಟು ದಡ್ಡಿ ಅಲ್ಲ. ಹೊಲಿಗೆ ಮಶೀನೂ ಮಶೀನೇ. ಬಟ್ಟೆ ಹಿಡಿಯೋ ಕೈ ಯಾರದು ಅಂತ ಹೊಲಿಗೆ ನೋಡಿದರೆ ಗೊತ್ತಾಗುತ್ತೆ.'

'ಉತ್ತರ ಬರೆಯಬೇಡ. ನಿನಗೆ ಸಾವಿರ ಕೆಲಸ. ಓದುತ್ತೀನಿ ಅಂದಿದ್ದೀಯಲ್ಲ, ಅಷ್ಟು ಸಾಕು.'

ಇದನ್ನು ಓದಿ ಅವಳು ಲ್ಯಾಪ್‌ಟಾಪ್ ಮುಚ್ಚಿ, ಮುಖ ತೊಳೆದು ಬಂದು, ಮತ್ತೆ ತೆರೆದಳು.

ಪಟ್ಟಿ ಬಿಡುವವರಿಗೆ ಮಶೀನು ಯಾಕೆ ಬಿಡುತ್ತಿದ್ದೀರಿ ಎಂದು ಕೇಳುತ್ತದೆ. ಜನ 'ಪತ್ರ ಜಾಸ್ತಿ', 'ಆಸಕ್ತಿ ಇಲ್ಲ' ಎಂದು ಬರೆದುಹೋಗುತ್ತಾರೆ. ಈ ವಿಳಾಸದ ಮುಂದೆ ಹತ್ತು ಸಲವೂ ಒಂದೇ ಕಾರಣ ಇತ್ತು: 'ಹೋಗಿ ಬರ್ತೀನಿ'.

ಕೊನೆಗೆ ಅವಳು 'ಏನೆಂದು ಕರೆಯಲಿ' ಎಂಬ ಕಾಲಂ ಸರಿಸಿ ನೋಡಿದಳು. ಮೊದಲ ಮೂರು ಸಲ ಗ್ರಾಹಕಿ. ಆಮೇಲೆ ಹಳೇ ಗ್ರಾಹಕಿ. ಆಮೇಲೆ ನಾಲ್ಕು ಸಲ ಟೈಲರಮ್ಮ. ಒಂಬತ್ತನೆಯ ಸಲ 'ದೊಡ್ಡ ಟೈಲರ್'. ಹತ್ತನೆಯ ಸಲ ಏನೂ ಬರೆದಿರಲಿಲ್ಲ, ಖಾಲಿ ಬಿಟ್ಟಿದ್ದರು. ಆ ಸಲದ ಪತ್ರ 'ಪ್ರೀತಿಯ' ಎಂದು ಶುರುವಾಗಿ ಅಲ್ಲಿಗೇ ನಿಂತಿತ್ತು.

ಹನ್ನೊಂದನೆಯ ಸಲ, ಭಾನುವಾರ, 'ಅತ್ತೆ' ಎಂದು ಬರೆದಿದ್ದರು. ಮಶೀನು ಮರುಕ್ಷಣವೇ 'ಪ್ರೀತಿಯ ಅತ್ತೆ, ಬನ್ನಿ. ಮೊದಲು ಕೂತುಕೊಳ್ಳಿ, ಮಾತು ಆಮೇಲೆ' ಎಂದು ಕಳಿಸಿತ್ತು.

ಸೋಮವಾರ ಮಧ್ಯಾಹ್ನ ಇವಳು ಬ್ಲಾಕ್ ಒತ್ತಿದ್ದಳು.

೯

ಉಳಿದದ್ದು ಎರಡು ಉತ್ತರ. ಒಂದು ಭಾನುವಾರದ್ದು:

'ಅತ್ತೆ ಅಂತ ಕರೆದೆ. ಮಶೀನೇ ಕರೆದಿರಲಿ, ನನಗೆ ಆಯ್ತು. ಬಹಳ ದಿನದಿಂದ ಒಂದು ಹೇಳಬೇಕು ಅಂತ. ಅವತ್ತು ನೀನು ಬಾಗಿಲಲ್ಲಿ ನಿಂತು ಕೇಳಿದಾಗ ನನ್ನ ಬಾಯಲ್ಲಿ ಪಿನ್ನು ಇರಲಿಲ್ಲ. ಮಾತಾಡಬಹುದಿತ್ತು. ಮಗ ಅಂತ ಸುಮ್ಮನಾದೆ. ತಪ್ಪು ನಂದೇ.'

(ನನ್ನ ನೆಪ ಅಲ್ಲಿಗೆ ಮುಗಿಯಿತು. ಬರೆಯುವವನು ಹಗುರ ಮಾಡಲು ನೋಡುತ್ತಾನೆ, ಪಾತ್ರಗಳು ಭಾರ ಹೊರಲು ಸಿದ್ಧವಾಗಿಯೇ ಬಂದಿರುತ್ತವೆ.)

ಇನ್ನೊಂದು ಮಂಗಳವಾರದ್ದು:

'ನಿಮ್ಮನ್ನು ಪಟ್ಟಿಯಿಂದ ತೆಗೆಯಲಾಗಿದೆ ಅಂತ ಬಂತು. ಸರಿ ಕಂದ. ಹಾಗೆ ಬರೆಯಬಾರದಿತ್ತು, ಬರೆದೆ. ನೀನು ಮಾಡಿದ್ದೇ ಸರಿ. ಇನ್ನು ಬರಲ್ಲ.'

೧೦

ಫನೆಲ್ ಮೇಡಂ ಓಡಿಬಂದಳು. ಬ್ಲಾಕ್ ತೆಗೆಯಲು ನೋಡಿದಳು, ಬರಲಿಲ್ಲ. ಸಾಫ್ಟ್‌ವೇರ್ ಕಂಪನಿಯವರಿಗೆ ಬರೆದಳು. ಅವರ ಉತ್ತರ ಬಂತು: ಮಾಲೀಕರು ಬ್ಲಾಕ್ ಮಾಡಿದವರನ್ನು ಮಾಲೀಕರೇ ವಾಪಸ್ಸು ತರುವಂತಿಲ್ಲ, ಅವರೇ ಬಂದು ಚೌಕದಲ್ಲಿ ಮತ್ತೆ ಸೇರಬೇಕು.

"ಬ್ಲಾಕ್ ಆದವರಿಗೆ ಆ ಚೌಕಾನೇ ಕಾಣ್ಸಲ್ವಲ್ಲೇ" ಎಂದಳು ಫನೆಲ್ ಮೇಡಂ. ಆಮೇಲೆ ಮೆಲ್ಲಗೆ, "ತಪ್ಪು ನಂದು ಕಣೇ. ಬಾಟು ಅಂದಿದ್ದು ನಾನು" ಎಂದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಒಂದು ಇಡೀ ಸಂಜೆ ಫನೆಲ್ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ.

ಉಳಿದ ದಾರಿ ಒಂದೇ. ಪಟ್ಟಿ, ಮಶೀನು, ಮೂರನೆಯ ದಿನ, ಏಳನೆಯ ದಿನ ಯಾವುದೂ ಇಲ್ಲದೆ, ತಾನೇ ತನ್ನ ಸ್ವಂತ ವಿಳಾಸದಿಂದ ಒಬ್ಬರಿಗೇ ಒಂದು ಪತ್ರ ಬರೆಯಬೇಕು. ನಾಲ್ಕು ಸಾವಿರ ಅಪರಿಚಿತರನ್ನು ಬನ್ನಿ ಕೂತುಕೊಳ್ಳಿ ಎಂದು ಕರೆದವಳಿಗೆ ಇದು ಬರಲಿಲ್ಲ. ಗುರುವಾರ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ಬರೆಯುವುದು, ಅಳಿಸುವುದು. ತಡವಾದಷ್ಟೂ ಆ ಕಡೆ 'ಇನ್ನು ಬರಲ್ಲ' ಗಟ್ಟಿಯಾಗುತ್ತ ಹೋಗುತ್ತದೆ ಎಂದು ಅವಳಿಗೆ ಗೊತ್ತು. ನನಗೂ ಗೊತ್ತು. ಅದಕ್ಕೇ ಕೆಲವು ಮುಕ್ತಾಯಗಳನ್ನು ಮಾಡಿಕೊಂಡು ಹೋದೆ.

ಮುಕ್ತಾಯ ಒಂದು. ಅವಳು ಪತ್ರ ಗಿತ್ರ ಬಿಟ್ಟು ನೇರ ಆ ಮನೆಗೆ ಹೋಗುತ್ತಾಳೆ. ಬಾಗಿಲು ತಟ್ಟುತ್ತಾಳೆ. ಅತ್ತೆ ತೆರೆಯುತ್ತಾರೆ.

"ಅತ್ತೆ ತೆರೆಯಲ್ಲ, ಆ ಮನೆಯ ಈಗಿನ ಸೊಸೆ ತೆರೀತಾಳೆ" ಎಂದಳು. "ಪಾಪ, ಆ ಹುಡುಗಿ ಏನು ಮಾಡಬೇಕು ಆಗ? ನಾನು ಬಂದೆ ಅಂತ ಅತ್ತೆ ಆಮೇಲೆ ಎಷ್ಟು ದಿನ ಉತ್ತರ ಹೇಳ್ತಿರ್ಬೇಕು? ನಿಮಗೇನು, ಬಾಗಿಲು ತಟ್ಟಿಸಿಬಿಟ್ರಾಯ್ತು."

ಮುಕ್ತಾಯ ಎರಡು. ಅವಳು ಬರೆಯುತ್ತಾಳೆ, ಆದರೆ ಅಷ್ಟರಲ್ಲಿ ಆ ಕಡೆ ಅತ್ತೆ...

"ಅವರ ತಂಟೆಗೆ ಹೋದ್ರೆ ನೋಡಿ." ಅವಳು ಇಷ್ಟು ತಣ್ಣಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಹರಿದುಹಾಕಿದೆ.

ಮುಕ್ತಾಯ ಮೂರರಲ್ಲಿ ಅತ್ತೆ ಒಂದು ಗುಂಡಿ ಬೇಕೆಂದು ಆರ್ಡರ್ ಹಾಕುತ್ತಾರೆ. ಇದನ್ನು ಅವಳಿಗೆ ತೋರಿಸಲೇ ಇಲ್ಲ, ನನಗೇ ನಾಚಿಕೆಯಾಯಿತು.

೧೧

ಶನಿವಾರ ಬೆಳಿಗ್ಗೆ ಅವಳು ನನ್ನನ್ನು ಕರೆದಳು.

"ಏನಂತ ಶುರು ಮಾಡ್ಲಿ?"

ನನ್ನನ್ನು ಕೇಳುತ್ತಾಳೆ ನೋಡಿ. ಒಂದು ಸಾಲು ಶುರು ಮಾಡಲು ಬೆರಳು ಮಡಚಿ ಎಣಿಸಿದವನನ್ನು.

"ಅವರು ನನಗೆ ಈಗ ಏನಾಗ್ಬೇಕು, ಹೇಳಿ" ಎಂದಳು. "ಗಂಡನ ತಾಯಿ ಅತ್ತೆ. ಗಂಡನೇ ಇಲ್ಲ ಅಂದ್ಮೇಲೆ?"

"ಅದಕ್ಕೆ ಪದ ಇಲ್ಲ" ಎಂದೆ. "ಹುಡುಕಿದೆ. ಕೊಟ್ಟು ತಂದ ಸಂಬಂಧಕ್ಕೆಲ್ಲ ನಮ್ಮಲ್ಲಿ ಹೆಸರಿದೆ, ಕಳಚಿಕೊಂಡ ಸಂಬಂಧಕ್ಕೆ ಯಾರೂ ಹೆಸರಿಟ್ಟಿಲ್ಲ."

"ಅವರೇ ಇಟ್ಟಿದಾರಲ್ಲ. ಏನಂತ ಕರೀಲಿ ಅಂತ ಕೇಳಿದ್ದು ನಾನು. ಹತ್ತು ಸಲ ಹೆದರ್ಕೊಂಡು, ಹನ್ನೊಂದನೇ ಸಲ ಹೇಳಿದಾರೆ."

ಅಷ್ಟು ಹೇಳಿ ಅವಳು ಒಂದು ಪದ ಟೈಪ್ ಮಾಡಿದಳು. ಮುಂದೆ ಕೈ ಓಡಲಿಲ್ಲ.

"ಎಲ್ಲ ಸರಿಹೋಯ್ತು ಅಂತ ಬರೀಬೇಕಾ?"

"ಸರಿಹೋಗಿದೆಯಾ?"

ಅವಳು ಪ್ರಾಮಾಣಿಕವಾಗಿ ಯೋಚನೆ ಮಾಡಿದಳು. "ಇಲ್ಲ. ಅವತ್ತು ಸುಮ್ಮನಿದ್ದಿದ್ದು ಇನ್ನೂ ನೋಯುತ್ತೆ. ಬಾಯಲ್ಲಿ ಏನೂ ಇರ್ಲಿಲ್ಲ ಅಂತ ಗೊತ್ತಾದ್ಮೇಲೆ ಜಾಸ್ತಿ ನೋಯುತ್ತೆ."

"ಹಾಗಾದರೆ?"

"ಸರಿಹೋಗದೇ ಇದ್ರೂ ಜನ ಬರ್ಬಹುದಲ್ವಾ ಕತೆಯವರೇ? ಎಲ್ಲ ಸರಿಹೋದ್ಮೇಲೇ ಬನ್ನಿ ಅಂದ್ರೆ ಯಾರು ಬರ್ತಾರೆ ಯಾರ ಮನೆಗೆ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಕೈ ಓಡತೊಡಗಿತು. ನಾನು ಅಭ್ಯಾಸಬಲದಿಂದ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಅವಳು ಟೈಪ್ ಮಾಡುವುದನ್ನು ನಿಲ್ಲಿಸಿ ಲ್ಯಾಪ್‌ಟಾಪನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

"ಇದು ನಿಮಗೆ ಬರೆದಿದ್ದಲ್ಲ."

"ಓದುಗರು ಕೇಳುತ್ತಾರೆ, ಏನು ಬರೆದಳು ಅಂತ."

"ಅವರಿಗೂ ಬರೆದಿದ್ದಲ್ಲ."

ಹಾಗಾಗಿ ಓದುಗರೇ, ಆ ಪತ್ರದಲ್ಲಿ ಏನಿದೆಯೆಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಉದ್ದವಾಗಿತ್ತು. ಮಧ್ಯೆ ಒಂದು ಸಲ ನಕ್ಕಳು. ಒಂದು ಸಲ ಅಂಗೈಯಿಂದ ಮೂಗು ಒರೆಸಿಕೊಂಡಳು. ಯಾವುದೋ ಒಂದು ಸಾಲು ಬಹಳ ಜೋರಾಗಿ ಕುಟ್ಟಿದಳು, ಜಗಳವೇ ಇರಬೇಕು. ಅಳಿಸುವ ಕೀ ಒಂದು ಸಲವೂ ಮುಟ್ಟಲಿಲ್ಲ. ಕಳಿಸಿದಳು.

೧೨

ಇಲ್ಲಿ ಅತ್ತೆಯ ಉತ್ತರ ಬರಬೇಕು.

ನಾನು ಬರೆಯಬಲ್ಲೆ. ಅವರ ಮಾತಿನ ಧಾಟಿ ಈಗ ನನಗೆ ಚೆನ್ನಾಗಿ ಗೊತ್ತು. ಎರಡೇ ಸಾಲು, ಒಂದು ಗದರಿಕೆ, ಒಂದು ಕಂದ. ನಿಮ್ಮ ಕಣ್ಣು ತೇವವಾಗುವಂತೆ ಬರೆಯಬಲ್ಲೆ. ನಿನ್ನೆ ಬರೆದೂ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ಓದಿ ನೋಡಿದರೆ ಅದು ಮಶೀನಿನ ಪತ್ರವಾಗಿತ್ತು. ಹೆಸರಿನ ಜಾಗ ಖಾಲಿ ಬಿಟ್ಟು ನಾಲ್ಕು ಸಾವಿರ ಜನಕ್ಕೆ ಕಳಿಸಬಹುದಿತ್ತು. ಅವಳು ಕಾಯುತ್ತಿರುವುದು ಅದಕ್ಕಲ್ಲ. ನಾನು ಎಷ್ಟು ಚೆನ್ನಾಗಿ ಬರೆದರೂ ಅವಳು ತೆರೆದು ಒಂದು ಸಾಲು ಓದಿ, ಇದು ಅವರ ಕೈಯಲ್ಲ ಎಂದು ಮುಚ್ಚಿಬಿಡುತ್ತಾಳೆ.

ಆದ್ದರಿಂದ ಬರೆಯುವುದಿಲ್ಲ. ಬರೆಯಬೇಕಾದವರು ಬೇರೆ ಮನೆಯಲ್ಲಿದ್ದಾರೆ. ಪತ್ರ ಅವರಿಗೆ ಸಿಕ್ಕಿತೋ ಇಲ್ಲವೋ, ಇನ್ನು ಬರಲ್ಲ ಎಂದ ಮೇಲೆ ಇಮೇಲ್ ತೆರೆಯುವುದನ್ನೇ ಬಿಟ್ಟರೋ, ಅಥವಾ ಈಗಷ್ಟೇ ತೆರೆದು ಕನ್ನಡಕ ಹುಡುಕುತ್ತಿದ್ದಾರೋ, ನನಗೆ ತಿಳಿಯದು. ತಿಳಿದುಕೊಳ್ಳುವ ಹಕ್ಕು ಕತೆಗಾರನಿಗೆ ಇದೆ ಎಂದು ಇಲ್ಲಿಯವರೆಗೆ ನಂಬಿದ್ದೆ.

ಅಂಗಡಿಯವಳು ಇವತ್ತು ಅಂಚೆಗೆ ಹೋಗಲಿಲ್ಲ. ಪೆಟ್ಟಿಗೆಯಲ್ಲಿದ್ದ ಉಳಿದ ಉತ್ತರಗಳಿಗೆ ಒಂದೊಂದಾಗಿ ಬರೆಯುತ್ತ ಕೂತಿದ್ದಾಳೆ. ಬಸ್ಸಿನಲ್ಲಿ ಗುಂಡಿ ಕಳೆದುಕೊಂಡವರಿಗೆ ಬರೆದಳು, ತಡವಾಯಿತು ಕ್ಷಮಿಸಿ ಎಂದು. ಮಗು ನುಂಗಿದ ಗುಂಡಿಯ ತಾಯಿಗೆ ಬರೆದಳು, ಮಗು ಈಗ ಹೇಗಿದೆ ಎಂದು. ಪ್ರತಿ ಪತ್ರ ಮುಗಿದಾಗಲೂ ಪರದೆಯ ಮೇಲ್ತುದಿಗೆ ಹೋಗಿ ಹೊಸದು ಬಂದಿದೆಯೇ ಎಂದು ನೋಡುತ್ತಾಳೆ, ಕೆಳಗೆ ಬರುತ್ತಾಳೆ, ಮುಂದಿನದನ್ನು ಹಿಡಿಯುತ್ತಾಳೆ. ಆಗಲೇ ಮೂವತ್ತು ಮುಗಿಸಿದ್ದಾಳೆ.

"ಇನ್ನೂ ಎಷ್ಟು ಹೊತ್ತು ಹೀಗೆ?" ಎಂದು ಬಾಗಿಲಲ್ಲಿ ನಿಂತು ಕೇಳಿದೆ.

ಅವಳು ತಲೆ ಎತ್ತಲಿಲ್ಲ.

"ನಾನು ಅವರನ್ನ ಎರಡು ವರ್ಷ ಕಾಯ್ಸಿದೀನಿ" ಎಂದಳು.